ಒಲೆ ಹೊತ್ತದ ಮನೆ

ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಸಂಡೂರು ತಾಲ್ಲೂಕಿನ ಬಂಡ್ರಿ ಸೀಮೆಯಲ್ಲಿ ಅಕ್ಕಪಕ್ಕದವರೇ ಜೋಳದ ರೊಟ್ಟಿ, ಅನ್ನ, ಸಾರು ಹೊತ್ತು ತರುತ್ತಾರೆ. ಹಿರಿಯಳೊಬ್ಬಳು ತುತ್ತು ಕಲಸಿ, ಅತ್ತು ಒಣಗಿದ ಬಾಯಿಯ ಮುಂದೆ ಹಿಡಿಯುತ್ತಾಳೆ: "ಇದೊಂದು ತುತ್ತು ಉಣ್ಣವ್ವ." ನಾಳೆಯ ಮಾತು ಅಲ್ಲಿಲ್ಲ.

ಅಗಲಿಕೆಯ ನಂತರ ಈ ಕ್ಷಣದಲ್ಲಿ ಬದುಕುವುದೆಂದರೆ ಇಷ್ಟೇ: ಎದುರಿಗಿರುವ ತುತ್ತು, ಆಮೇಲೆ ದನಕ್ಕೆ ಮೇವು, ಆಮೇಲೆ ಮಗುವಿನ ಶಾಲೆಯ ಚೀಲ. ಇದು ಮರೆವಲ್ಲ. ಮೂಲೆಯಲ್ಲಿ ಹೋದವರ ಕೋಲು ಹಾಗೇ ಒರಗಿರುತ್ತದೆ. ಕಸ ಗುಡಿಸುವ ಕೈ ಅದನ್ನು ಸರಿಸಿ, ಮತ್ತೆ ಅಲ್ಲೇ ನಿಲ್ಲಿಸುತ್ತದೆ.

ದುಃಖಕ್ಕೆ ಐದು ಹಂತಗಳು ಎಂಬ ಮಾತು ಪ್ರಸಿದ್ಧ. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನಂಚಿನ ರೋಗಿಗಳನ್ನು ಕುರಿತು. ಉಳಿದವರ ಶೋಕಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. 1999ರಲ್ಲಿ ಶೋಕದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಮುಂದಿಟ್ಟ ವಿವರಣೆ ಅನುಭವಕ್ಕೆ ಹೆಚ್ಚು ಹತ್ತಿರ. ಮನಸ್ಸು ಜೋಕಾಲಿಯಂತೆ ಒಮ್ಮೆ ಅಗಲಿದವರತ್ತ, ಒಮ್ಮೆ ಬದುಕಿನ ಕೆಲಸದತ್ತ ತೂಗುತ್ತದೆ. ಎರಡೂ ಬೇಕು. ನಡುವೆ ನಕ್ಕರೆ ತಪ್ಪೇನಲ್ಲ, ಊರಿನ ಬಾಯಿ ಏನೇ ಅಂದರೂ.

ದಿನಕರ್ಮ ಮುಗಿದ ಮೇಲೆ ಬಂಧುಗಳು ಬಸ್ಸು ಹತ್ತುತ್ತಾರೆ. ಮನೆ ಬಿಕೋ ಎನ್ನುವುದು ಆಗಲೇ. ತಿಂಗಳುಗಟ್ಟಲೆ ನಿದ್ದೆ ಬಾರದೆ, ಊಟ ಸೇರದಿದ್ದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.