ಪಾಸ್ಖ ಹಬ್ಬದ ಪ್ರಬೋಧನೆ: ಎಮ್ಮಾವುಸಿನ ಅತಿಥಿ



ಹಬ್ಬದ ಸಂತಸದ ನಡುವೆಯೂ ನಾವು ಮರೆಯಲಾಗದ ಒಂದು ಪಾಸ್ಖವಿದೆ. 2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ. ಅಂದು ಶ್ರೀಲಂಕಾದ ಮೂರು ದೇವಾಲಯಗಳಲ್ಲೂ ಕೊಲಂಬೊದ ಹೋಟೆಲುಗಳಲ್ಲೂ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಟ್ಟಿಕಲೋವಾದಲ್ಲಿ ಮಡಿದವರಲ್ಲಿ ಭಾನುವಾರದ ಧರ್ಮಪಾಠಕ್ಕೆ ಬಂದಿದ್ದ ಪುಟ್ಟ ಮಕ್ಕಳೂ ಇದ್ದರು.

ಶಾಲೆಯಲ್ಲಿ ಧರ್ಮ ಕಲಿಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾವು ಹೇಳುವುದುಂಟು. ಆದರೆ ಶ್ರೀಲಂಕಾದ ಶಾಲೆಗಳಲ್ಲಿ ಧರ್ಮ ಕಡ್ಡಾಯ ವಿಷಯ. ಬೌದ್ಧ, ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ತಂತಮ್ಮ ಧರ್ಮವನ್ನು ಓದಿ ಪರೀಕ್ಷೆ ಬರೆಯುತ್ತಾರೆ. ಬಾಂಬು ಹೊತ್ತು ಬಂದವರಲ್ಲೂ ಕೆಲವರು ಚೆನ್ನಾಗಿ ಓದಿದವರು, ಸಿರಿವಂತ ಮನೆಯವರು. ಹಾಗಾದರೆ ಧರ್ಮಶಿಕ್ಷಣ ವ್ಯರ್ಥವೇ? ಅಲ್ಲ, ಅಪೂರ್ಣ. ತನ್ನದನ್ನಷ್ಟೇ ಕಲಿತ ಮಗುವಿಗೆ ಪಕ್ಕದ ಗೆಳೆಯನ ಪ್ರಾರ್ಥನೆ ಅಪರಿಚಿತವಾಗಿಯೇ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ದ್ವೇಷ ಸುಲಭವಾಗಿ ನುಗ್ಗುತ್ತದೆ.

ಎಮ್ಮಾವುಸಿಗೆ ಹೊರಟ ಶಿಷ್ಯರಿಬ್ಬರನ್ನು ನೆನೆಯೋಣ. ದಾರಿಯುದ್ದಕ್ಕೂ ಪ್ರಭುವೇ ಅವರಿಗೆ ಪವಿತ್ರ ಗ್ರಂಥವನ್ನು ಬಿಡಿಸಿ ಹೇಳಿದರು. ಆದರೂ ಅವರ ಕಣ್ಣು ತೆರೆದದ್ದು ಆ ಅಪರಿಚಿತರನ್ನು ಒತ್ತಾಯಿಸಿ ಮನೆಯೊಳಗೆ ಕರೆದು, ಜೊತೆಯಲ್ಲಿ ಊಟಕ್ಕೆ ಕುಳಿತಾಗ. ಪಾಠ ಹೃದಯವನ್ನು ಸಿದ್ಧಮಾಡಿತು. ಅತಿಥಿಸತ್ಕಾರ ಕಣ್ಣು ತೆರೆಸಿತು.

ನಮ್ಮ ಶಾಲೆಗಳಲ್ಲೂ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ. ಗಂಟೆ ಬಾರಿಸಿದೊಡನೆ ಮಕ್ಕಳು ಬೇರೆ ಬೇರೆ ಕೋಣೆಗೆ ಹೋಗುತ್ತಾರೆ. ಧರ್ಮೋಪದೇಶ ಬೇಕೇ ಬೇಕು; ವಿಶ್ವಾಸದಲ್ಲಿ ಬೇರೂರದ ಮಗು ಯಾರ ಮಾತಿಗೂ ಬಾಗೀತು. ಆದರೆ ಆಗಾಗಲಾದರೂ ಮಕ್ಕಳೆಲ್ಲ ಒಟ್ಟಿಗೆ ಕುಳಿತು ರಂಜಾನಿನ ಉಪವಾಸ, ಯುಗಾದಿಯ ಬೇವುಬೆಲ್ಲ, ಶುಭಶುಕ್ರವಾರದ ಮೌನ ಏಕೆಂದು ಗೆಳೆಯರ ಬಾಯಿಂದಲೇ ಕೇಳಲಿ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ಗೌರವಿಸುತ್ತದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ.

ತಂದೆತಾಯಂದಿರೇ, ಶಾಲೆ ಕಟ್ಟಿದ್ದನ್ನು ಮನೆಯ ಒಂದು ಮಾತು ಕೆಡವಬಲ್ಲದು. "ಅವರೆಲ್ಲ ಹಾಗೆಯೇ" ಎಂದು ನಾವು ಊಟದ ಹೊತ್ತಿನಲ್ಲಿ ಆಡಿದ್ದನ್ನೂ, ಮೊಬೈಲಿಗೆ ಬಂದ ಕೆಟ್ಟ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಿದ್ದನ್ನೂ ಮಕ್ಕಳು ಗಮನಿಸುತ್ತಾರೆ. ಗುರುಗಳಾದ ನಾವೂ ಇದರಲ್ಲಿ ತಪ್ಪಿದ್ದೇವೆ.

ಅಂದು ಬಾಂಬಿಗೆ ತುತ್ತಾದ ಕೊಚ್ಚಿಕಡೆಯ ಸಂತ ಅಂತೋಣಿಯವರ ದೇವಾಲಯ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವ ತಾಣ. 2019ರ ಜೂನ್ ತಿಂಗಳಲ್ಲೇ ಅದರ ಬಾಗಿಲು ಮತ್ತೆ ತೆರೆಯಿತು. ಈ ಪಾಸ್ಖದಲ್ಲಿ ನಮ್ಮ ಮನೆಯ ಬಾಗಿಲೂ ತೆರೆಯಲಿ. ಅನ್ಯಧರ್ಮದ ಒಬ್ಬ ಸಹಪಾಠಿಯನ್ನಾದರೂ ನಮ್ಮ ಮಕ್ಕಳು ಹಬ್ಬದೂಟಕ್ಕೆ ಕರೆದು ತರಲಿ. ಪುನರುತ್ಥಾನರಾದ ಪ್ರಭುಕ್ರಿಸ್ತರು ಆ ಪಂಕ್ತಿಯಲ್ಲಿ ನಮ್ಮೊಡನಿದ್ದು ನಮ್ಮನ್ನು ಹರಸಲಿ. ಆಮೆನ್.