ಗೋಮಾಳದ ಕಳೆಗೆ ಮದ್ದು ಡಬ್ಬಿಯಲ್ಲಿಲ್ಲ

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ಸಂತೆ ಸುಂಕದ ಮಾತು ಆಡಬೇಕಾದ ಜಾಗದಲ್ಲಿ ಈ ಮನುಷ್ಯ ಹುಲ್ಲಿನ ಮಾತು ತೆಗೆದನಲ್ಲ ಎಂದು ಹಿಂದಿನ ಸಾಲಿನಲ್ಲಿ ಇಬ್ಬರು ಪಿಸುಗುಡುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಊರಿನ ಮನೆಯಲ್ಲಿ ಒಂದು ಹಸು, ಒಂದು ಎಮ್ಮೆ, ಕಡೆಗೆ ನಾಲ್ಕು ಕುರಿಯೂ ಇಲ್ಲದವರು ಕೈ ಎತ್ತಿ. ನೋಡಿದಿರಾ, ಎತ್ತಿದ ಕೈಗಳನ್ನು ಒಂದೇ ಉಸಿರಿನಲ್ಲಿ ಎಣಿಸಬಹುದು. ಗಿರಣಿಯ ಸಂಬಳ ನಿಂತ ತಿಂಗಳು ನಮ್ಮ ಮನೆಗಳಲ್ಲಿ ಒಲೆ ಉರಿದದ್ದು ಯಾವುದರಿಂದ? ತಾಯಂದಿರು ಡೈರಿಗೆ ಹಾಕಿದ ಹಾಲಿನಿಂದ. ಅಂಗಡಿಯವರೂ ಇದನ್ನು ಬಲ್ಲರು. ಹಾಲಿನ ಬಟವಾಡೆ ಆದ ದಿನ ಅಂಗಡಿಯ ಮುಂದೆ ಜನ, ಆಗದ ವಾರ ಬರೀ ಸಾಲದ ಪುಸ್ತಕ. ಹುಲ್ಲಿನ ಮಾತು ನಮ್ಮ ಮಾತೇ.

ಈಗ ಈ ಮಾತು ಎತ್ತಲು ಒಂದು ಕಾರಣವಿದೆ. ನಮ್ಮೂರಿನ ಗೋಮಾಳದ ತುಂಬ ಕಾಂಗ್ರೆಸ್ ಹುಲ್ಲು ಎದ್ದಿದೆ. ಅಂಚಿನಲ್ಲಿ ಲಂಟಾನ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ. ಊರಿನ ಕೆಲವು ಹಿರಿಯರು ಸೇರಿ, ಚಂದಾ ಎತ್ತಿ, ಟ್ಯಾಂಕರು ತರಿಸಿ, ಇಡೀ ಗೋಮಾಳಕ್ಕೆ ಕಳೆನಾಶಕ ಹೊಡೆಸಿಬಿಡೋಣ ಎಂದು ತೀರ್ಮಾನಿಸಿದ್ದಾರೆ. ಪಟ್ಟಣದಲ್ಲಿ ದುಡಿಯುವ ನಾವು ತಲೆಗೆ ಇಷ್ಟು ಎಂದು ಕೊಡಬೇಕಂತೆ. ನಾನು ಕೊಡುವುದಿಲ್ಲ ಎಂದಿದ್ದೇನೆ. ಜಿಪುಣತನವೆಂದು ಕೆಲವರು ಆಡಿಕೊಂಡರು. ಏಕೆ ಕೊಡುವುದಿಲ್ಲ ಎಂಬುದನ್ನು ನಿಮ್ಮ ಮುಂದೆ ಹೇಳಿ, ಆಮೇಲೆ ನೀವು ಏನು ಮಾಡಬೇಕೋ ಮಾಡಿ.

ಮೊದಲು ಕಾಂಗ್ರೆಸ್ ಹುಲ್ಲಿನ ವಿಚಾರ. (ಹೆಸರು ಕೇಳಿ ನಗಬೇಡಿ. ಹೆಸರಿಟ್ಟವರು ನಾವಲ್ಲ, ಅದರ ಬಿಳಿ ಹೂವು ನೋಡಿ ಜನವೇ ಇಟ್ಟದ್ದು.) ಇದರ ಶಾಸ್ತ್ರೀಯ ಹೆಸರು ಪಾರ್ಥೇನಿಯಮ್. ತವರು ಅಮೆರಿಕದ ಉಷ್ಣಪ್ರದೇಶ. ಸುಮಾರು 1956ರಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಗುರುತಿಸಿದರು. ಅಮೆರಿಕದಿಂದ ಆಮದಾದ ಗೋಧಿಯ ಚೀಲದಲ್ಲಿ ಬಂತು ಎಂದು ನಾವೆಲ್ಲ ವೇದಿಕೆಗಳ ಮೇಲೆ ಹೇಳಿದ್ದೇವೆ. ನಾನೂ ಹೇಳಿದ್ದೇನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲೇ ಇದು ನಮ್ಮ ದೇಶದಲ್ಲಿ ಇದ್ದುದಕ್ಕೆ ದಾಖಲೆ ಸಿಕ್ಕಿದೆಯೆಂದು ತಿಳಿದ ಮೇಲೆ ಆ ಮಾತನ್ನು ಅಷ್ಟು ಜೋರಾಗಿ ಹೇಳುವುದನ್ನು ಬಿಟ್ಟಿದ್ದೇನೆ. ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದದ್ದು ಇಲ್ಲಿ ಏಕೆ ನಿಂತಿತು ಎನ್ನುವುದು ದೊಡ್ಡ ಪ್ರಶ್ನೆ.

ಒಂದು ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸಬಲ್ಲದು. ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ. ತೇವ ಸಿಕ್ಕರೆ ವರ್ಷದಲ್ಲಿ ಎರಡು ಮೂರು ಪೀಳಿಗೆ. ಉದುರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಕಾಯುತ್ತದೆ. ಲಾರಿಯ ಚಕ್ರಕ್ಕೆ ಅಂಟಿ, ಮೊರಂ ಮಣ್ಣಿನ ಜೊತೆ, ಗೊಬ್ಬರದ ಜೊತೆ ಊರಿಂದೂರಿಗೆ ಹೋಗುತ್ತದೆ. ದನ ಇದನ್ನು ತಾನಾಗಿ ತಿನ್ನುವುದಿಲ್ಲ. ಹಸಿವು ತಡೆಯದೆ ತಿಂದರೆ ಹಾಲು ಕಹಿ. ಮುಟ್ಟಿದವರಲ್ಲಿ ಕೆಲವರಿಗೆ ಮೈಯೆಲ್ಲ ತುರಿಕೆ, ಹೂವಿನ ಧೂಳಿಗೆ ಉಬ್ಬಸ. ಹತ್ತಿಯ ಧೂಳಿನಲ್ಲಿ ಅರ್ಧ ಎದೆ ಸವೆಸಿದ ನಮಗೆ ಉಬ್ಬಸವೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಔಷಧ ಹೊಡೆದು ಕೊಲ್ಲುವುದರಲ್ಲಿ ತಪ್ಪೇನು? ಕೇಳಿ. ಈ ಗಿಡ ಎಲ್ಲಿ ಏಳುತ್ತದೆ ಎಂಬುದನ್ನು ನೀವೇ ನೆನಪು ಮಾಡಿಕೊಳ್ಳಿ. ರೈಲು ಹಳಿಯ ಬದಿ, ಅರ್ಧಕ್ಕೆ ನಿಂತ ಕಟ್ಟಡದ ಸೈಟು, ಮಣ್ಣು ಅಗೆದ ಗುಂಡಿ, ಬಾಗಿಲು ಮುಚ್ಚಿದ ಗಿರಣಿಯ ಅಂಗಳ. ಗರಿಕೆ ದಟ್ಟವಾಗಿ ಹಬ್ಬಿದ ನೆಲದಲ್ಲಿ ಇದನ್ನು ಎಷ್ಟು ಕಂಡಿದ್ದೀರಿ? ಅಲ್ಲೊಂದು ಇಲ್ಲೊಂದು, ಅಷ್ಟೆ. ಅದಕ್ಕೆ ಬೇಕಾದದ್ದು ಬೆತ್ತಲೆ ನೆಲ. ಗೋಮಾಳ ಬೆತ್ತಲೆಯಾದದ್ದು ಹೇಗೆ? ಮೊದಲ ಮಳೆಗೆ ಹುಲ್ಲು ಬೆರಳುದ್ದ ಚಿಗುರುವಷ್ಟರಲ್ಲೇ ಊರಿನ ದನವೆಲ್ಲ ಅದರ ಮೇಲೆ ಬೀಳುತ್ತದೆ. ಹುಲ್ಲು ಬೇರು ಬಿಡುವ ಮೊದಲೇ, ಬೀಜ ಕಟ್ಟುವ ಮೊದಲೇ ಅದರ ತಲೆ ಹೋಯಿತು. ದನ ರುಚಿಯಾದದ್ದನ್ನು ಆರಿಸಿ ತಿಂದು ಕಹಿಯಾದದ್ದನ್ನು ಬಿಡುತ್ತದೆ. ಹೀಗೆ ಹತ್ತು ವರ್ಷ ನಡೆದರೆ ಉಳಿಯುವುದೇನು? ಬಿಟ್ಟದ್ದು ಮಾತ್ರ. ಕಳೆಯನ್ನು ಬಿತ್ತಿದವರು ಯಾರೂ ಅಲ್ಲ, ಹುಲ್ಲನ್ನು ಕಳೆದವರು ನಾವು.

ಈಗ ಔಷಧ. ಅಂಗಡಿಯಲ್ಲಿ ಸಿಗುವವುಗಳಲ್ಲಿ ಎರಡರ ವಿಚಾರ ಹೇಳುತ್ತೇನೆ. ಗ್ಲೈಫೋಸೇಟ್ ಹಸಿರಾದದ್ದನ್ನೆಲ್ಲ ಬೇರುಸಹಿತ ಸುಡುತ್ತದೆ, ಕಳೆ ಯಾವುದು ಗರಿಕೆ ಯಾವುದು ಎಂದು ಕೇಳುವುದಿಲ್ಲ. ಹದಿನೈದು ದಿನ ಗೋಮಾಳ ಕಂದಾಗಿ ಕಾಣುತ್ತದೆ, ನಾವು ಗೆದ್ದೆವೆಂದು ಚಪ್ಪಾಳೆ ತಟ್ಟುತ್ತೇವೆ. ಮುಂದಿನ ಮಳೆಗೆ ಮಣ್ಣಿನೊಳಗೆ ಕಾಯುತ್ತಿದ್ದ ಬೀಜ ಏಳುತ್ತದೆ. ಈ ಸಲ ಅದಕ್ಕೆ ಎದುರಾಳಿಯಾಗಿ ಒಂದು ಗರಿಕೆಯ ಎಳೆಯೂ ಇರುವುದಿಲ್ಲ. ಅಲ್ಲದೆ 2022ರಲ್ಲಿ ಕೇಂದ್ರ ಸರ್ಕಾರವು, ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕವಲ್ಲದೆ ಇದನ್ನು ಬಳಸಕೂಡದೆಂದು ಆದೇಶ ಹೊರಡಿಸಿದೆ. ಟ್ಯಾಂಕರು ತರಿಸುವ ಹಿರಿಯರು ಇದನ್ನು ಕೇಳಿದ್ದಾರೋ ಇಲ್ಲವೋ. ಇನ್ನೊಂದು, ಟೂ ಫೋರ್ ಡಿ ಎಂದು ಕರೆಯುವುದು. ಇದು ಅಗಲ ಎಲೆಯ ಗಿಡವನ್ನು ಕೊಂದು ಹುಲ್ಲನ್ನು ಬಿಡುತ್ತದೆ, ಒಪ್ಪೋಣ. ಆದರೆ ಹುಲ್ಲಿನ ನಡುವೆ ತಾನಾಗಿ ಬೆಳೆದು ಮಣ್ಣಿಗೆ ಸಾರ ಕೊಡುವ ದ್ವಿದಳ ಜಾತಿಯ ಬಳ್ಳಿಗಳೂ ಸಾಯುತ್ತವೆ. ಗಾಳಿಗೆ ಹಾರಿದ ಹನಿ ಪಕ್ಕದ ಹತ್ತಿ ಹೊಲಕ್ಕೆ ಬಿದ್ದರೆ, ಹತ್ತಿಯ ಎಲೆ ಮುದುರಿ ಕಾಯಿ ಕೆಡುತ್ತದೆ. ಈ ಔಷಧಕ್ಕೆ ಹತ್ತಿಯಷ್ಟು ಬೇಗ ಸೋಲುವ ಬೆಳೆ ಕಡಿಮೆ. ಹತ್ತಿಯಿಂದ ಅನ್ನ ತಿನ್ನುವ ನಾವು ಇದಕ್ಕೆ ಚಂದಾ ಕೊಡುವುದೆ?

ಉಪ್ಪಿನ ನೀರು ಹೊಡೆಯಿರಿ ಎನ್ನುವವರೂ ಇದ್ದಾರೆ. ಐದು ಲೀಟರಿಗೆ ಒಂದು ಕಿಲೋ ಉಪ್ಪು ಕರಗಿಸಿ ಹೊಡೆದರೆ ಕಾಂಗ್ರೆಸ್ ಗಿಡ ಬಾಡುವುದು ನಿಜ. ರಸ್ತೆಬದಿಗೆ, ಗೋಡೆಯ ಬುಡಕ್ಕೆ ಸರಿ. ಮೇಯುವ ನೆಲಕ್ಕೆ ಉಪ್ಪು ಸುರಿದರೆ ಮಣ್ಣೇ ಕೆಡುತ್ತದೆ.

ಹಾಗಾದರೆ ಕೈಕಟ್ಟಿ ಕೂಡುವುದೋ? ಇಲ್ಲ. ನಮ್ಮ ನಾಡು ಒಮ್ಮೆ ಗೆದ್ದ ಕತೆಯಿದೆ. ಪಾಪಾಸುಕಳ್ಳಿಯೂ ಅಮೆರಿಕದಿಂದ ಬಂದದ್ದೇ. ದಕ್ಷಿಣ ಭಾರತದಲ್ಲಿ ಅದು ಹೊಲ, ಹುಲ್ಲುಗಾವಲು ಎನ್ನದೆ ನುಂಗಿ, ಕಡಿದಷ್ಟೂ ತುಂಡು ತುಂಡಾಗಿ ಚಿಗುರುತ್ತಿತ್ತು. 1926ರಲ್ಲಿ ಸಿಂಹಳದಿಂದ ಕೋಚಿನೀಲ್ ಜಾತಿಯ ಒಂದು ಸಣ್ಣ ಹುಳುವನ್ನು ತಂದು ಬಿಟ್ಟರು. ಅದು ಕಳ್ಳಿಯ ರಸವನ್ನೇ ಹೀರಿ ಬದುಕುವ ಹುಳು. ಐದಾರು ವರ್ಷಗಳಲ್ಲಿ ಸಾವಿರಾರು ಎಕರೆ ಕಳ್ಳಿ ಕೊಳೆತು ಬಿತ್ತು. ಅದೇ ದಾರಿಯಲ್ಲಿ 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, ಕಾಂಗ್ರೆಸ್ ಗಿಡದ ಮೇಲೆ ಬಿಟ್ಟರು. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರು ಇರುವ ಹುಳು. ಮಳೆಗಾಲದಲ್ಲಿ ಎಲೆಯನ್ನೆಲ್ಲ ತಿಂದು ಕಡ್ಡಿ ಉಳಿಸುತ್ತದೆ, ಒಣಗಾಲದಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಕಳ್ಳಿಯ ಹುಳುವಿನಷ್ಟು ಪೂರ್ತಿ ಗೆಲುವು ಇದಕ್ಕೆ ಸಿಕ್ಕಿಲ್ಲ. ಆದರೂ ನಿಮ್ಮೂರಲ್ಲಿ ಕಂಡರೆ ಪೀಡೆಯೆಂದು ತಿಳಿದು ಕೀಟನಾಶಕ ಹೊಡೆಯಬೇಡಿ. ಅದು ನಮ್ಮ ಕಡೆಯ ಆಳು, ಕೂಲಿ ಕೇಳದ ಆಳು.

ತಗಚೆ ಬೀಜ ಚೆಲ್ಲಿರಿ, ಅದು ಕಾಂಗ್ರೆಸ್ ಗಿಡವನ್ನು ಮೆಟ್ಟಿ ಬೆಳೆಯುತ್ತದೆ ಎಂದು ಕೃಷಿ ಇಲಾಖೆಯವರು ಹೇಳುವುದುಂಟು. ಮಾತು ನಿಜ. ಆದರೆ ತಗಚೆಯನ್ನೂ ದನ ಮೂಸಿ ಬಿಡುತ್ತದೆ. ರಸ್ತೆಬದಿಗೆ ತಗಚೆ, ಗೋಮಾಳಕ್ಕೆ ಹುಲ್ಲು. ಒಂದು ಕಳೆಯನ್ನು ಓಡಿಸಲು ಇನ್ನೊಂದನ್ನು ಒಳಗೆ ಕರೆಯುವುದು ಬೇಡ.

ನಾನು ಹೇಳುವ ಕೆಲಸ ನಿಧಾನದ್ದು. ಮಳೆ ಬಿದ್ದು ನೆಲ ಹಸಿಯಾದಾಗ, ಹೂ ಬರುವ ಮೊದಲು, ಬೇರುಸಹಿತ ಕೀಳಬೇಕು. ಬ್ಲೋ ರೂಮಿನಲ್ಲಿ ದುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತಿಯ ಕಸವನ್ನು ಅಲ್ಲೇ ತೆಗೆದರೆ ಸರಿ, ಬಿಟ್ಟರೆ ನೂಲಿನವರೆಗೂ ಬರುತ್ತದೆ. ಹೂವಿಲ್ಲದ ಗಿಡ ಗುಂಡಿಯಲ್ಲಿ ಒಳ್ಳೆಯ ಗೊಬ್ಬರ. ಹೂ ಬಂದದ್ದನ್ನು ಗೊಬ್ಬರದ ಗುಂಡಿಗೆ ಹಾಕಿದಿರೋ, ಬೀಜವನ್ನು ನಿಮ್ಮ ಹೊಲಕ್ಕೇ ಹೊತ್ತಂತೆ. ಬಳ್ಳಾರಿ ಜಾಲಿಯನ್ನು ಮೇಲೆ ಮೇಲೆ ಕಡಿದರೆ ನಾಲ್ಕಾಗಿ ಚಿಗುರುತ್ತದೆ, ಬುಡವನ್ನೇ ಅಗೆದು ತೆಗೆಯಬೇಕು. ಅದರ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಜೀವಂತ ಬರುತ್ತದೆ ಎಂಬುದನ್ನೂ ನೆನಪಿಡಿ.

ಕಿತ್ತರೆ ಮಾತ್ರ ಸಾಲದು, ಕಿತ್ತ ಜಾಗವನ್ನು ಮುಚ್ಚಬೇಕು. ಗೋಮಾಳವನ್ನು ನಾಲ್ಕು ಭಾಗ ಮಾಡಿ, ಮಳೆಗಾಲದ ಮೊದಲ ಎರಡು ತಿಂಗಳು ಒಂದು ಭಾಗಕ್ಕೆ ದನ ಬಿಡಬಾರದು. ಹುಲ್ಲು ಬೀಜ ಕಟ್ಟಿ ಉದುರಿಸಲಿ. ಮುಂದಿನ ವರ್ಷ ಇನ್ನೊಂದು ಭಾಗ. ಬೋಳಾದ ಕಡೆ ಸ್ಟೈಲೋ ಬೀಜ ಚೆಲ್ಲಿದರೆ ದನಕ್ಕೆ ಮೇವೂ ಆಯಿತು, ಮಣ್ಣಿಗೆ ಸಾರವೂ ಆಯಿತು. ಧಾರವಾಡದಲ್ಲಿ ಕೇಂದ್ರ ಸರ್ಕಾರದ ಮೇವು ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಇದು ನಾನು ಕಂಡುಹಿಡಿದ ಹೊಸ ವಿದ್ಯೆಯಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ದನ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಬಿಟ್ಟುಹೋದ ನೆಲ ಉಸಿರಾಡುತ್ತಿತ್ತು. ಅರಸರ ದನಕ್ಕೆ ಸಿಕ್ಕ ವ್ಯವಸ್ಥೆ ಬಡವರ ದನಕ್ಕೂ ಸಿಗಲಿ ಎನ್ನುತ್ತೇನೆ.

ನಾನು ಚಿಕ್ಕವನಿದ್ದಾಗ ಒಂದು ಬರದ ವರ್ಷ ನಮ್ಮ ಮನೆಯ ಕೆಂದ ಹಸು ಲಂಟಾನ ತಿಂದಿತು. ಅದುವರೆಗೆ ಎಂಟು ವರ್ಷ ಅದೇ ಪೊದೆಯ ಪಕ್ಕದಲ್ಲಿ ಮೇದು ಒಂದು ಎಲೆ ಮುಟ್ಟಿದ್ದಲ್ಲ. ಕಣ್ಣು ಹಳದಿಯಾಯಿತು, ಸಗಣಿ ಕಟ್ಟಿತು, ಮೂಗಿನ ಮೇಲಿನ ಚರ್ಮ ಬಿರಿಯಿತು. ಬಿಸಿಲಿಗೆ ಬರಲೊಲ್ಲದೆ ಕೊಟ್ಟಿಗೆಯ ಕತ್ತಲಲ್ಲೇ ನಿಂತಿತು. ದನದ ಡಾಕ್ಟರು ಬಂದು, ಪಿತ್ತಕೋಶಕ್ಕೆ ವಿಷ ಏರಿದೆ, ತಡವಾಯಿತು ಎಂದರು. ಹನ್ನೊಂದನೆಯ ದಿನ ಹೋಯಿತು. ಆ ವರ್ಷವೇ ನಾನು ಶಾಲೆ ಬಿಟ್ಟು ಗಿರಣಿಗೆ ಸೇರಿದ್ದು. ದನಕ್ಕೆ ಬುದ್ಧಿಯಿಲ್ಲ, ಸಿಕ್ಕಿದ್ದನ್ನು ತಿನ್ನುತ್ತದೆ ಎನ್ನುತ್ತಾರಲ್ಲ, ನಾನು ಒಪ್ಪುವುದಿಲ್ಲ. ಅದಕ್ಕೆ ಎಲ್ಲವೂ ಗೊತ್ತಿತ್ತು. ಬೇರೆ ಏನೂ ಉಳಿದಿರಲಿಲ್ಲ, ಅಷ್ಟೆ.

ಏಕೆ ಉಳಿದಿರಲಿಲ್ಲ? ಇಲ್ಲಿಗೆ ಬರಬೇಕೆಂದೇ ನಾನು ಇಷ್ಟು ಸುತ್ತಿದೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ ಹನ್ನೆರಡು ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ, ಗೋಮಾಳ ಬಿಡಬೇಕು. ಮುನ್ನೂರು ದನದ ಊರಿಗೆ ತೊಂಬತ್ತು ಎಕರೆ ಆಯಿತು. ನಿಮ್ಮ ನಿಮ್ಮ ಊರಿನ ಲೆಕ್ಕ ನೀವೇ ಹಾಕಿ, ಪಹಣಿ ತೆಗೆಸಿ ನೋಡಿ. ಕಾಗದದ ಮೇಲಿರುವುದೆಷ್ಟು, ನೆಲದ ಮೇಲಿರುವುದೆಷ್ಟು? ಅರ್ಧ ನೆಲದಲ್ಲಿ ಅಷ್ಟೇ ದನ ಮೇದರೆ ಹುಲ್ಲು ಸಾಯುತ್ತದೆ, ಕಳೆ ಏಳುತ್ತದೆ. ಕಳೆ ಎದ್ದ ಮೇಲೆ ಅಳತೆಯವರು ಬಂದು, ಇದು ಪಾಳು, ಇಲ್ಲಿ ಮೇವೇ ಇಲ್ಲ, ಯಾರಿಗಾದರೂ ಕೊಟ್ಟರೆ ಉಪಯೋಗವಾದೀತು ಎಂದು ಬರೆಯುತ್ತಾರೆ. ಉಳಿದರ್ಧವೂ ಹೋಯಿತು. ಗೋಮಾಳ ನುಂಗುವವನಿಗೆ ಕಾಂಗ್ರೆಸ್ ಹುಲ್ಲಿನಂಥ ವಕೀಲ ಇನ್ನೊಬ್ಬನಿಲ್ಲ.

ಭೂಮಿಯಿಲ್ಲದವನು ಹೊಟ್ಟೆಗಾಗಿ ಎರಡೆಕರೆ ಬಗರ್ ಹುಕುಂ ಉತ್ತುಕೊಂಡಿದ್ದರೆ ಅವನ ಮೇಲೆ ನನ್ನ ಬೆರಳಿಲ್ಲ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಊರಿನ ಕೆರೆಯ ಮೊಕದ್ದಮೆಯಲ್ಲಿ, ಊರೊಟ್ಟಿನ ನೆಲದ ಒತ್ತುವರಿಯನ್ನು ಎಲ್ಲ ರಾಜ್ಯಗಳೂ ತೆರವು ಮಾಡಬೇಕೆಂದು ಹೇಳಿದಾಗಲೂ, ಭೂಹೀನರಿಗೆ ಸರ್ಕಾರ ಕೊಟ್ಟದ್ದಕ್ಕೆ ವಿನಾಯಿತಿಯ ದಾರಿ ಇಟ್ಟಿತ್ತು. ನಾನು ಕೇಳುವುದು ಹತ್ತಾರು ಎಕರೆಗೆ ಬೇಲಿ ಸುತ್ತಿ ಅಡಿಕೆ ಹಾಕಿದವರನ್ನು. ಅವರಲ್ಲಿ ಒಬ್ಬರು ಈ ಟ್ಯಾಂಕರಿನ ಚಂದಾಕ್ಕೆ ಎಲ್ಲರಿಗಿಂತ ಮೊದಲು ಹಣ ಬರೆಸಿದ್ದಾರೆ ಎಂದು ಕೇಳಿದೆ. ಗೋಮಾಳದ ಗಡಿ ಅಳೆಯಿಸಲು ಅಷ್ಟೇ ಹಣ ಬರೆಸುತ್ತಾರೋ ಕೇಳಿ ಬನ್ನಿ.

ಮುಂದಿನ ಗ್ರಾಮಸಭೆಗೆ ಊರಿನ ಮಕ್ಕಳಾದ ನಾವೆಲ್ಲ ರಜೆ ಹಾಕಿಯಾದರೂ ಹೋಗಬೇಕು. ಮೊದಲು ಅಳತೆ, ಆಮೇಲೆ ಕಳೆ ಎಂದು ಅರ್ಜಿ ಕೊಡೋಣ. ಅರ್ಜಿ ಬರೆದಿಟ್ಟಿದ್ದೇನೆ, ಸಭೆ ಮುಗಿದ ಮೇಲೆ ಸಹಿ ಹಾಕಿ ಹೋಗಿ. ಅದಕ್ಕೆ ಮೊದಲು, ಮಳೆ ಹಿಡಿದ ಮೊದಲನೆಯ ಭಾನುವಾರ ಬೆಳಗ್ಗೆ ಆರೂವರೆಯ ಬಸ್ಸಿಗೆ ನಾನು ಊರಿಗೆ ಹೊರಡುತ್ತೇನೆ. ದೇವಸ್ಥಾನದ ಹಿಂದಿನ ತುಂಡಿನಿಂದ ಕೀಳಲು ಶುರುಮಾಡುವುದು. ಬರುವವರು ತುಂಬು ತೋಳಿನ ಅಂಗಿ ಹಾಕಿ, ಕೈಗವಸು ತನ್ನಿ. ಇಲ್ಲದವರು ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ, ಮೂಗಿಗೆ ಟವೆಲ್ಲು ಸುತ್ತಿ. ಉಬ್ಬಸ ಇರುವವರು ಕೀಳುವುದಕ್ಕೆ ಬರುವುದು ಬೇಡ, ಅವರು ದನ ಹೊಡೆದು ಆಚೆ ಭಾಗಕ್ಕೆ ಕಾಯಲಿ. ಮಧ್ಯಾಹ್ನದ ರೊಟ್ಟಿ ನಮ್ಮ ಮನೆಯಲ್ಲಿ.