ಮುರಿದ ವಿಮಾನದ ಗುರುತು



ಸೋಲೂರಿಗೆ ಪೂರ್ವದಲ್ಲಿರುವ ಯಲಹಂಕದಲ್ಲಿ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್‌ಗಳಿಗೆ ಥಂಡರ್‌ಬೋಲ್ಟ್ ಮತ್ತು ಮಸ್ಕಿಟೊ ವಿಮಾನಗಳ ತರಬೇತಿ ನಡೆಯುತ್ತಿತ್ತು. ಅದಕ್ಕೂ ಮೊದಲು, 1942ರಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಜೋಡಿಸಿದ ಹಾಕ್ ಯುದ್ಧವಿಮಾನ ಹಾರಿತ್ತು. ಆದ್ದರಿಂದ ಈ ಭಾಗದ ಯಾವುದಾದರೂ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಹೊಲದ ನಡುವೆ ಮುರಿದು ಬಿದ್ದ ವಿಮಾನದ ಚಿತ್ರ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಆದರೆ ಅದು ಯಾವ ವಿಮಾನ?

ನೋಡಿದವರು ಸಾಮಾನ್ಯವಾಗಿ 'ಸ್ಪಿಟ್‌ಫೈರ್' ಎಂದುಬಿಡುತ್ತಾರೆ. ಜನ ಕೇಳಿರುವ ಹೆಸರು ಅದೊಂದೇ! ಮೊದಲು ನೋಡಬೇಕಾದದ್ದು ಮೂತಿಯನ್ನು. ಸ್ಪಿಟ್‌ಫೈರ್‌ನ ಎಂಜಿನ್ ಉದ್ದನೆಯದು, ಮೂತಿ ಚೂಪು. ಹಾಕ್ ಮತ್ತು ಥಂಡರ್‌ಬೋಲ್ಟ್‌ಗಳಲ್ಲಿ ಸಿಲಿಂಡರುಗಳು ಚಕ್ರದ ಅರಗಳಂತೆ ಸುತ್ತಲೂ ಇರುತ್ತವೆ. ಇವೆರಡನ್ನು ಬೇರ್ಪಡಿಸಲು ಸಿಲಿಂಡರುಗಳನ್ನು ಎಣಿಸಬೇಕು. ಬೆಂಗಳೂರಿನ ಹಾಕ್‌ಗೆ ಒಂದೇ ಸಾಲಿನಲ್ಲಿ 9. ಥಂಡರ್‌ಬೋಲ್ಟ್‌ಗೆ ಎರಡು ಸಾಲಿನಲ್ಲಿ 18. ಮೂತಿ ಮಣ್ಣಿನಲ್ಲಿ ಹೂತಿದ್ದರೆ ರೆಕ್ಕೆ ನೋಡಬಹುದು: ಥಂಡರ್‌ಬೋಲ್ಟ್‌ನ ಒಂದೊಂದು ರೆಕ್ಕೆಯಲ್ಲೂ ನಾಲ್ಕು ಬಂದೂಕುಗಳು. ಮಸ್ಕಿಟೊದ ಕಥೆಯೇ ಬೇರೆ. ಮರದ ವಿಮಾನ, ಬೆಂಕಿ ಬಿದ್ದರೆ ಎರಡು ಎಂಜಿನ್‌ಗಳು ಮತ್ತು ಒಂದಿಷ್ಟು ಲೋಹವಷ್ಟೇ ಉಳಿಯುತ್ತವೆ.

ಬಣ್ಣವನ್ನು ನಂಬುವುದು ಕಷ್ಟ. ಅಂದಿನ ಕೆಲವು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿಯೇ ಮೂಡುತ್ತಿತ್ತು. ಆದರೂ ಗುರುತಿನ ವೃತ್ತ ಒಂದು ಸಂಗತಿಯನ್ನು ಹೇಳುತ್ತದೆ. ಜಪಾನೀ ವಿಮಾನಗಳ ಮೇಲೆ ಕೆಂಪು ಸೂರ್ಯನಿತ್ತು. ಗಡಿಬಿಡಿಯಲ್ಲಿ ತಮ್ಮವರನ್ನೇ ಹೊಡೆದುರುಳಿಸಬಾರದೆಂದು ಭಾರತ ಮತ್ತು ಬರ್ಮಾದಲ್ಲಿದ್ದ ಬ್ರಿಟಿಷ್ ವಿಮಾನಗಳ ವೃತ್ತದಿಂದ ಕೆಂಪನ್ನು ತೆಗೆದುಹಾಕಲಾಯಿತು. ಕಡುನೀಲಿಯ ನಡುವೆ ತಿಳಿನೀಲಿ ಇಲ್ಲವೇ ಬಿಳಿ ಉಳಿಯಿತು. ನಡುವೆ ತಿಳಿಯಾಗಿರುವ ವೃತ್ತ ಕಂಡರೆ ಚಿತ್ರ ಈ ಬದಲಾವಣೆಯ ನಂತರದ್ದು.

ಇಷ್ಟೆಲ್ಲ ಮಾಡಿದರೂ ತಿಳಿಯುವುದು ವಿಮಾನದ ಜಾತಿ ಮಾತ್ರ. ಅದರ ಸ್ವಂತ ಹೆಸರು ಬಾಲದ ಮುಂದೆ ಬರೆದ ಎರಡು ಅಕ್ಷರ, ಮೂರು ಅಂಕಿ. ಮೂತಿ ನೆಲಕ್ಕೆ ಬಡಿದಾಗ ಬಾಲವೇ ಎಷ್ಟೋ ಸಲ ಉಳಿಯುವುದರಿಂದ ಇದು ಓದಲು ಸಿಗುತ್ತದೆ. ಥಂಡರ್‌ಬೋಲ್ಟ್‌ಗಳಲ್ಲಿ ಎಚ್‌ಬಿ ಸಾಲು, ಎಚ್‌ಡಿ ಸಾಲು ಎರಡೂ ಇದ್ದವು. ಮಸುಕು ಚಿತ್ರದಲ್ಲಿ ಬಿ ಮತ್ತು ಡಿ ಒಂದೇ ಥರ ಕಾಣುತ್ತವೆ. ಆಗ ಅಂಕಿ ನೆರವಿಗೆ ಬರುತ್ತದೆ: ಎಚ್‌ಬಿ ಸಾಲಿನವು 900ಕ್ಕೂ ಮೇಲೆ, ಎಚ್‌ಡಿ ಸಾಲಿನವು 100ರಿಂದ 301ರವರೆಗೆ.

ಇಷ್ಟು ಸೂಕ್ಷ್ಮ ಏಕೆಂದರೆ, ಆ ಸಂಖ್ಯೆಯಿಂದಲೇ ಅಪಘಾತದ ದಾಖಲೆ, ದಾಖಲೆಯಿಂದ ಸತ್ತವನ ಹೆಸರು ಸಿಗುತ್ತದೆ. ದಕ್ಷಿಣ ಭಾರತದ ಅನೇಕ ದಂಡುಪ್ರದೇಶಗಳ ಯುದ್ಧಕಾಲದ ಸಮಾಧಿಗಳನ್ನು ಆಮೇಲೆ ಮದ್ರಾಸಿನ ಯುದ್ಧ ಸ್ಮಶಾನಕ್ಕೆ ಸಾಗಿಸಲಾಯಿತು. ಹೀಗೆ ಬಿದ್ದ ಹೊಲಕ್ಕೂ ಮಲಗಿದ ಜಾಗಕ್ಕೂ ನೂರಾರು ಮೈಲಿ ಅಂತರ. ಚಿತ್ರದಲ್ಲಿ 3ನ್ನು 8 ಎಂದು ಓದಿದರೆ ವಿಮಾನವೂ ಬೇರೆ, ಅದರ ಪೈಲಟ್ಟೂ ಬೇರೆ. ಯಾರದೋ ಸಾವಿನ ಸುದ್ದಿ ಇನ್ನಾರದೋ ಮನೆಗೆ ತಲುಪುತ್ತದೆ.